ಕುಲಾವಿ ಹಾಕಿದ ಗುಂಡಕಲ್ಲು

ನಮ್ಮ ಮನಿಗೆ ಮೊಮ್ಮಗಳು ಬಂದಾಳ. ಮರಾಠಿ ಸೀಮ್ಯಾಗಿನ ಕೋಥರೂಡದ ನಮ್ಮ ಸೊಸೈಟಿಯ ವಾಚ್‌ಮನ್‌ಗೆ ಎರಡೆರಡು ಸಲ ಪೇಢೆ ಕೊಟ್ಟು ಹೇಳೀನಿ. ನಾಲ್ಕನೇ ಇಯತ್ತೆ ಕಲಿತ ನಾನು ಬರಿಯಾಕ ಕೂತದ್ದೂ ಅದೇ ಖುಷಿಗೆ. ಕೂಡೋದು ನನಗ ಮೊದಲಿಂದ ಚಲೋ ಬರತದ.

ಬಾಣಂತನಕ್ಕ ಮಗಳು ಬಂದ ದಿನದಿಂದ ಕೂಸು ನನ್ನ ಕಾಲ ಮ್ಯಾಲೇ. ತೊಟ್ಟಿಲದಾಗ ಹಾಕಿದರ ಅಳತದ ಅಂತ ಎಲ್ಲಾರಿಗೂ ಹೇಳಿದ್ದೆ. ಹಾಕಿ ನೋಡಿದವರು ಯಾರೂ ಇರಲಿಲ್ಲ, ಆ ಮಾತು ಬ್ಯಾರೆ. ಮುಂಜಾನೆ ಗ್ವಾಡಿಗೆ ಬೆನ್ನು ಕೊಟ್ಟು ಕಾಲು ಚಾಚಿದರ, ಊಟದ ತಾಟೂ ನನ್ನ ಹತ್ರಾನೇ ಬರತಿತ್ತು.

"ಒಂದಿಷ್ಟು ಎದ್ದು ಅಡ್ಡಾಡ ಮಾರಾಯ್ತಿ. ಕೂತು ಕೂತು ಕಾಲು ಬಾತಾವ," ಅಂದರು ನಮ್ಮನಿಯವರು.

"ಕೂಸಿಗೆ ಎಚ್ಚರಾಗತದ್ರಿ."

"ಕೂಸಿಗೆ ಎಚ್ಚರಾದರ ತೂಗಿ ಮಲಗಸಬಹುದು. ನಿನ್ನ ಕಾಲು ಮಲಗಿದರ ಎಬ್ಬಸವರ ಯಾರು?"

ನನಗಿದ್ದದ್ದು ಒಂದೇ ಆಸೆ. ಹೆಸರಿಡೋ ದಿನ ತೊಟ್ಟಿಲ ಕೆಳಗಿಂದ ಕೂಸನ್ನ ಮೊದಲು ನಾನೇ ತಗೊಂಡು, ಎದ್ದು ನಿಂತು, ಮ್ಯಾಲಿಂದ ಬೀಗತಿ ಕೈಯಾಗ ಕೊಡಬೇಕು.

ಆ ದಿನ ಬಂತು. ನಮ್ಮ ಪದ್ಧತಿಯೊಳಗ ಕೂಸಿಗಿಂತ ಮೊದಲು ಗುಂಡಕಲ್ಲಿಗೆ ಅಂಗಿ, ತಲಿಗೆ ಕುಲಾವಿ ಹಾಕಿ, ಹೆಣ್ಣುಕೂಸಿದ್ದರೂ ಗೋವಿಂದ, ಗೋಪಾಲ ಅಂತ ಕರಕೋತ, ತೊಟ್ಟಿಲ ಕೆಳಗಿಂದ ತಗೊಂಡು ಮ್ಯಾಲಿಂದ ಕೊಟ್ಟು ಕೈ ಬದಲಸತಾರ; ಕೂಸೂ ಕಲ್ಲಿನಂಗ ಗಟ್ಟಿ ಆಗಲಿ ಅಂತ. ಮುಂಜಾನಿಯಿಂದ ಏಳದ ನಾನು, ಕೂಸನ್ನ ಮಗಳ ಕೈಯಾಗ ಕೊಟ್ಟು, ಕೂತಲ್ಲಿಂದ್ಲೇ ತೊಟ್ಟಿಲತನಾ ಸರದೆ. ಬೀಗತಿ ಕಾತ್ರಜದವರು, ದಿನಾ ಗುಡ್ಡ ಹತ್ತವರು. ಸಲೀಸ ಬಗ್ಗಿ ತೊಟ್ಟಿಲ ಕೆಳಗಿಂದ ಕಲ್ಲು ಕೊಟ್ಟರು.

"ಗೋವಿಂದನ್ನ ತಗೋರಿ."

"ಗೋಪಾಲನ್ನ ಕೊಡತೀನ್ರಿ," ಅಂತ ನಾನು ಏಳಾಕ ಹೋದೆ. ಮನಸ್ಸು ಎದ್ದಿತು. ಕಾಲು ಏಳಲಿಲ್ಲ. ಅವು ನನ್ನ ಕಾಲೋ, ಬಾಜೂಮನಿಯವರ ಕಾಲೋ ತಿಳೀವಲ್ದು. ದಪ್ಪಂತ ಕೂತೆ. ಕೈ ಜಾರಿದ ಗೋವಿಂದ ಉರುಳಿಕೋತ ಹೋಗಿ ಅಳಿಯಂದಿರ ಗೆಳೆಯನ ಮುಂದ ನಿಂತ. ಬೆಂಗಳೂರಿನ ಹುಡುಗ, ಈ ಪದ್ಧತಿ ನೋಡಿದವನಲ್ಲ.

"ಅಯ್ಯೋ, ಪಾಪು ಬಿತ್ತು!" ಅಂತ ಎತ್ತಿ ಎದೆಗೆ ಅವಚಿಕೊಂಡ. ಅಳಬಾರದಂತ ಕಲ್ಲಿನ ಬೆನ್ನೂ ತಟ್ಟಿದ.

ಮಂದಿ ನಕ್ಕಿದ್ದು ಸಾಕಾಗಲಿಲ್ಲ ಅಂತ ನಮ್ಮನಿಯವರು, "ಕಲ್ಲು ಹಿಡಿಯಾಕ ಬರಲಾರದವಳಿಗೆ ಕೂಸು ಹೆಂಗ ಕೊಡೋದು?" ಅಂದರು. ನನ್ನ ಜಾಗಾದಾಗ ಬಾಜೂಮನಿ ಮರಾಠಿ ಕಾಕೂ ನಿಂತರು. "ಆಜೀ, ತುಮ್ಹೀ ಬಸಾ," ನೀವು ಕೂಡ್ರಿ ಅಂತ ನನಗ ಕುರ್ಚಿ ಕೊಟ್ಟರು. ಮತ್ತ ಕೂತೆ.

ಈಗ ಮಗಳದೊಂದು ಶರತ್ತು. ಸಂಜೀಕ ಸೊಸೈಟಿ ಸುತ್ತಿ ಬಂದರ ಮಾತ್ರ ಕೂಸು. ಇವತ್ತು ತೇಕಕೋತ ಒಳಗ ಬಂದು, ಗ್ವಾಡಿಗೆ ಕೂತು ಕಾಲು ಚಾಚಿದೆ. "ಸುತ್ತಿ ಬಂದೆನವ್ವಾ, ಕೂಸು ಕೊಡು."

"ಗೇಟಿನ ಕಟ್ಟಿ ಮ್ಯಾಲೆ ಕೂತಿದ್ದಳು," ಅಂದರು ನಮ್ಮನಿಯವರು. "ವಾಚ್‌ಮನ್‌ಗೆ ಪೇಢೆ ಕೊಡಕೋತ."

ಮಗಳು ಒಳಗ ಹೋಗಿ ಗುಂಡಕಲ್ಲು ತಂದು ನನ್ನ ತೊಡಿ ಮ್ಯಾಲೆ ಇಟ್ಟಳು. "ಮೊದಲ ಇದನ್ನ ಹಿಡಕೊಂಡು ಎದ್ದು ತೋರಸವ್ವಾ."

ಕುಲಾವಿ ಇನ್ನೂ ಹಂಗೇ ಅದ. ನಾನು ಇದನ್ನ ಬರಿಯೋ ಹೊತ್ತಿಗೂ ಅದು ನನ್ನ ತೊಡಿ ಮ್ಯಾಲೆ ಆರಾಮ ಮಲಗೇದ. ಎಚ್ಚರಾಗಬಾರದಂತ ನಾನೂ ಅಲುಗಾಡಿಲ್ಲ.