ಕೃಷ್ಣಪ್ರಸಾದನ ದಾಸ್ತಾನು

ಎಲ್ಲದಕ್ಕೂ ಮೂಲ ಒಂದು ಲೋಟ ಕಾಫಿ. ಅದೂ ಇನ್ನೂ ಕುಡಿಯದೇ ಇದ್ದ ಕಾಫಿ.

ವೆಸ್ಟ್ ಮಾಂಬಲಂನ ಗಲ್ಲಿಯೊಂದರ ಹಳೆಯ ಫ್ಲ್ಯಾಟಿನ ಎರಡನೆಯ ಮಹಡಿಯಲ್ಲಿ ಕೃಷ್ಣಪ್ರಸಾದನ ಸಂಸಾರ. ಅವನು ವಿಮಾ ಕಚೇರಿಯ ನೌಕರ, ಹೆಂಡತಿ ಭಾವನಾ ಬ್ಯಾಂಕಿನಲ್ಲಿ. ಮನೆಯ ಆಡಳಿತ ಮಾತ್ರ ತಾಯಿ ಶಾರದಮ್ಮನವರದು. ಆಷಾಢದಿಂದ ಕಾರ್ತಿಕದವರೆಗೆ ಆ ಮನೆಯಲ್ಲಿ ಚಾತುರ್ಮಾಸ್ಯ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ. ನಾಲ್ಕನೆಯ ತಿಂಗಳು ಏನಿಲ್ಲ ಎಂಬುದನ್ನು ಆಮೇಲೆ ಹೇಳಿದರೆ ಸಾಕು. ಏಕೆಂದರೆ ಆ ಶನಿವಾರ ಬೆಳಗ್ಗೆ ಕೃಷ್ಣಪ್ರಸಾದನಿಗೂ ಅದು ನೆನಪಿರಲಿಲ್ಲ.

ಅವನ ತಲೆಯಲ್ಲಿದ್ದದ್ದು ಒಂದೇ ವಿಚಾರ: ಇವತ್ತು ದ್ವಾದಶಿ, ಹಾಲಿಲ್ಲದ ತಿಂಗಳು ಮುಗಿಯಿತು. ಶಾರದಮ್ಮನವರ ಅಡುಗೆಮನೆಯಲ್ಲಿ ಒಲೆಯೂ ಒಂದೇ, ಕಾನೂನೂ ಒಂದೇ. ಅವರಿಗೆ ವ್ರತವೆಂದರೆ ಮನೆಮಂದಿಗೆಲ್ಲ ವ್ರತ. ತಿಂಗಳಿಡೀ ಅವರು ಬೆಲ್ಲ ಹಾಕಿದ ಕರಿ ಡಿಕಾಕ್ಷನ್ನನ್ನು ತೃಪ್ತಿಯಿಂದ ಕುಡಿದಿದ್ದರು. ಮಗ ಮಾತ್ರ ಅದನ್ನು ಕಷಾಯ ಕುಡಿಯುವ ರೋಗಿಯಂತೆ ಮುಖ ಹಿಂಡಿಕೊಂಡು ಮುಗಿಸಿ ಕಚೇರಿಗೆ ಓಡುತ್ತಿದ್ದ. ಅಲ್ಲಿನ ಯಂತ್ರದ ಕಾಫಿಯೋ, ಬಿಸಿನೀರಿನ ಕಿವಿಯಲ್ಲಿ ಯಾರೋ ಕಾಫಿಯ ವಿಷಯ ಹೇಳಿ ಹೋದಂತಿರುತ್ತಿತ್ತು.

ಹಾಲು ತರಲು ಚಪ್ಪಲಿ ಮೆಟ್ಟುತ್ತಿದ್ದಾಗ ಭಾವನಾಳ ಫೋನು ಬಂತು.

"ರೀ, ನ್ಯೂಸ್ ನೋಡಿದ್ರಾ? ಪುಯಲ್ ಬರ್ತಿದೆಯಂತೆ, ದೊಡ್ಡ ಚಂಡಮಾರುತ. ಸಾಯಂಕಾಲದಿಂದಲೇ ಮಳೆ. ನಾನು ಬರೋ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚಿರತ್ತೆ. ಅಡುಗೆಮನೆಗೆ ಬೇಕಾದ್ದೆಲ್ಲ ನೀವು ತಂದು ತುಂಬಿಸ್ತೀರಾ? ಅಥವಾ ನಾನೇ ಪರ್ಮಿಷನ್ ಕೇಳಿ ಬರ್ಲಾ?"

ಕೊನೆಯ ಪ್ರಶ್ನೆ ಅವನಿಗೆ ಚುಚ್ಚಿತು. ಹೋದ ವರ್ಷದ ಚಂಡಮಾರುತಕ್ಕೂ ಸಾಮಾನು ತಂದಿದ್ದವನು ಅವನೇ. ಬಗೆಬಗೆಯ ಉಪ್ಪಿನಕಾಯಿ ತಂದಿದ್ದ, ಬೆಂಕಿಪೊಟ್ಟಣವಿಲ್ಲದೆ ಮೇಣದಬತ್ತಿ ತಂದಿದ್ದ, ಕಾಫಿಪುಡಿಯನ್ನು ಮರೆತಿದ್ದ. ಬೀದಿಯ ನೀರು ಇಳಿಯುವವರೆಗೆ ಖಾಲಿ ಕಾಫಿ ಡಬ್ಬಿಯ ಮುಚ್ಚಳ ತೆಗೆದು ಮೂಸುವುದು, ಮತ್ತೆ ಮುಚ್ಚಿಡುವುದು, ಇದೇ ಅವನ ಕೆಲಸವಾಗಿತ್ತು. ಆ ದೃಶ್ಯವನ್ನು ಭಾವನಾ ಆಮೇಲೆ ನೆಂಟರಿಷ್ಟರ ಪ್ರತಿಯೊಂದು ಮದುವೆಯಲ್ಲೂ ಅಭಿನಯಿಸಿ ತೋರಿಸಿದ್ದಳು.

"ಈ ಸಲ ನೋಡ್ತಾ ಇರು," ಅಂದ ಕೃಷ್ಣಪ್ರಸಾದ. "ಸೈಂಟಿಫಿಕ್ಕಾಗಿ ತುಂಬಿಸ್ತೀನಿ. ಸಾಯಂಕಾಲ ಬಂದು, ಒಳ್ಳೇ ಫಿಲ್ಟರ್ ಕಾಫಿ ಕುಡೀತಾ, ತಪ್ಪಿದ್ರೆ ಹೇಳು."

ಅವನು ಓದಿದ್ದು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಪರೀಕ್ಷೆ ಮುಗಿದ ಮೇಲೆ ಆ ವಿದ್ಯೆಯನ್ನು ಈ ಲೋಕ ಅವನಲ್ಲಿ ಕೇಳಿರಲಿಲ್ಲ. ಇವತ್ತು ಅದಕ್ಕೆ ಕಾಲ ಬಂದಂತಾಯಿತು. ಕರೆಂಟು ಹೋಗುತ್ತದೆ, ಫ್ರಿಜ್ ನಿಲ್ಲುತ್ತದೆ, ತರಕಾರಿ ಕೊಳೆಯುತ್ತದೆ. ಕೆಡದೆ ಉಳಿಯುವುದು ಯಾವುದು? ಬೇಳೆಕಾಳು. ಮೇಲಾಗಿ ಪ್ರೊಟೀನು. ಅಕ್ಕಿ, ರವೆ ಬರೀ ಪಿಷ್ಟ. ಡಬ್ಬಿಯ ತಳದಲ್ಲಿ ಹೇಗೂ ಅಷ್ಟಿಷ್ಟು ಇದ್ದೇ ಇರುತ್ತದೆ.

ಚೀಲಗಳನ್ನು ಹಿಡಿದು ಮೆಟ್ಟಿಲಿಳಿಯುವಾಗ ಮೊದಲನೆಯ ಮಹಡಿಯ ಬಾಗಿಲಲ್ಲಿ ಅಂದಾನಿಯವರು ನಿಂತಿದ್ದರು. ಗದಗದ ಕಡೆಯವರು, ರೈಲ್ವೆಯ ಗೂಡ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ಪರರ ಸಾಮಾನು ಸಾಗಿಸಿದ ಅಭ್ಯಾಸ ಇನ್ನೂ ಹೋಗಿರಲಿಲ್ಲ.

"ಏನ್ರೀ ಪ್ರಸಾದ್ರ, ಇಷ್ಟೆಲ್ಲ ಚೀಲ! ಊರು ಬಿಟ್ಟು ಹೊಂಟೀರೇನು?"

"ಪುಯಲ್ ಅಂತೆ ಸಾರ್. ಸಾಮಾನು ತರೋಣ ಅಂತ."

"ಹಂಗಾರ ನಡೀರಿ, ನಾನೂ ಬರ್ತೀನಿ. ನಿಮ್ಮ ಮುಖ ನೋಡಿದ್ರ ಅಂಗಡ್ಯಾಂವ ಹುಳ ಬಿದ್ದ ಕಾಳು ತುಂಬಿ ಕಳಿಸ್ತಾನ."

ಮೂಲೆಯಲ್ಲಿದ್ದ ತಮಿಳು ಅಣ್ಣಾಚಿಯ ದಿನಸಿ ಅಂಗಡಿಯಲ್ಲಿ ಕೃಷ್ಣಪ್ರಸಾದ ಸೇನಾಪತಿಯಂತೆ ಅಪ್ಪಣೆ ಕೊಟ್ಟ. ತೊಗರಿಬೇಳೆ, ಹೆಸರುಬೇಳೆ, ಉದ್ದು, ಕಡಲೆ, ಅಲಸಂದೆ, ಹುರುಳಿ, ಬಟಾಣಿ. ಒಂದೊಂದೂ ಚೀಲದ ತುಂಬ. ಅಂದಾನಿಯವರು ಪ್ರತಿಯೊಂದರಲ್ಲೂ ಕೈಯಾಡಿಸಿ, ಬಾಯಿಗೆಸೆದುಕೊಂಡು, "ನಡೀತದ" ಎಂದು ಸರ್ಟಿಫಿಕೇಟು ಕೊಟ್ಟರು. ಅಣ್ಣಾಚಿಗೆ ಬೆರಗು.

"ಎನ್ನ ಸಾರ್, ವೀಟ್ಲೆ ಕಲ್ಯಾಣಮಾ?"

"ಕಲ್ಯಾಣ ಅಲ್ಲಪಾ, ಪುಯಲ್!" ಅಂದಾನಿಯವರು ಬೀದಿಗೆಲ್ಲ ಕೇಳಿಸುವಂತೆ ಹೇಳಿದರು. "ಇವ್ರು ಇನ್ಶೂರೆನ್ಸ್‌ದವ್ರು. ಏನಾಗ್ತದ ಅನ್ನೂದು ಇವ್ರಿಗೆ ಮೊದ್ಲ ಗೊತ್ತಾಗಿರ್ತದ!"

ಅಷ್ಟೇ ಸಾಕಾಯಿತು. ಕರ್ಪೂರ ಕೊಳ್ಳಲು ಬಂದಿದ್ದ ಎದುರು ಮನೆಯ ಅಲಮೇಲು ಮಾಮಿ ಗಾಬರಿಯಿಂದ ಆ ಚೀಲಗಳನ್ನು ನೋಡಿದರು. ಇನ್ಶೂರೆನ್ಸಿನವನೇ ಇಷ್ಟು ತುಂಬಿಸಿಕೊಳ್ಳುತ್ತಿದ್ದಾನೆ ಎಂದರೆ ಒಳಗೆ ಏನೋ ಇದೆ. ಮಾಮಿ ಕರ್ಪೂರ ಬಿಟ್ಟು ಅಕ್ಕಿ ಮೂಟೆಗೆ ಕೈ ಹಾಕಿದರು. ಇನ್ನೊಂದು ಕೈಯಲ್ಲಿ ತಂಗಿಗೆ ಫೋನು ಮಾಡಿದರು. ತಂಗಿ ಓರಗಿತ್ತಿಗೆ ಮಾಡಿದಳು. ಕೃಷ್ಣಪ್ರಸಾದನ ಚೀಲಗಳು ಆಟೋ ಏರುವಷ್ಟರಲ್ಲಿ ಅಂಗಡಿಯ ಮುಂದೆ ಹೊಸ ಸಿನಿಮಾದ ಮೊದಲ ಆಟಕ್ಕೆ ನೆರೆದಷ್ಟು ಜನ.

ಅವನಿಗೆ ಅದರ ಪರಿವೆಯಿಲ್ಲ. ಆಟೋ ನಿಲ್ಲಿಸಿ ಎರಡು ಪ್ಯಾಕೆಟ್ ಹಾಲು ಕೊಂಡ. ಕೊನೆಗೆ ಕಾಫಿಪುಡಿ ಅಂಗಡಿ. ಚಿಕೋರಿ ಬೆರೆಸದ ಪೀಬರಿ, ಕಣ್ಣೆದುರೇ ಹುರಿದು ಪುಡಿ ಮಾಡಿದ್ದು. ಬೆಚ್ಚಗಿನ ಆ ಪೊಟ್ಟಣವನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಟ ಅಪ್ಪನ ಹಾಗೆ ಎದೆಗವಚಿಕೊಂಡು ಆಟೋದಲ್ಲಿ ಕೂತ.

ಹಾಗೆ ಅವಚಿಕೊಂಡದ್ದರಿಂದ ಮೆಟ್ಟಿಲ ಮೇಲೆ ಚೀಲಗಳಿಗೆ ಒಂದೇ ಕೈ ಉಳಿಯಿತು. ಕಡಲೆಯ ಚೀಲ ಕಟಕಟೆಯ ಮೊಳೆಗೆ ಸಿಕ್ಕಿ ಹರಿಯಿತು. ಶಾಲೆ ಬಿಟ್ಟ ಮಕ್ಕಳಂತೆ ಕಡಲೆಕಾಳು ಗಲಗಲ ಸದ್ದು ಮಾಡುತ್ತ ಮೆಟ್ಟಿಲಿಳಿದು ಓಡಿದವು. ಹಿಂದೆ ಬರುತ್ತಿದ್ದ ಅಂದಾನಿಯವರು ಅವುಗಳ ಮೇಲೆ ಕಾಲಿಟ್ಟು, ಹೆಚ್ಚು ಮಾತಿಲ್ಲದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಪೆಟ್ಟಾಯ್ತಾ ಸಾರ್?"

"ಕಡಲಿ ಭಾಳ ಗಟ್ಟಿ ಅದಾವ್ರಿ ಪ್ರಸಾದ್ರ," ಎಂದರು ಅವರು, ಕುಳಿತಲ್ಲಿಂದಲೇ. "ಒಳ್ಳೇ ಮಾಲು."

ಅಂತೂ ಎಲ್ಲವೂ ಮೇಲೆ ಬಂತು. ಕೃಷ್ಣಪ್ರಸಾದ ಚೀಲಗಳನ್ನು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ನಿಲ್ಲಿಸಿ ಬಾಯಿ ಬಿಚ್ಚಿಟ್ಟ. ದೇವರ ಕೋಣೆಯಿಂದ ಶಾರದಮ್ಮನವರು ಬಂದರು. ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದರು.

"ಏನೋ ಪ್ರಸಾದು ಇದು?"

"ದಾಸ್ತಾನು ಅಮ್ಮ! ಇನ್ನು ಮಳೆ ಎಷ್ಟು ದಿನ ಹೊಡೆದ್ರೂ ಯೋಚನೆ ಇಲ್ಲ."

"ಇವತ್ತೇನು ತಿಥಿ?"

"ದ್ವಾದಶಿ. ಹಾಲಿನ ವ್ರತ ಮುಗೀತು."

"ಮುಗೀತು. ಶುರುವಾಗಿದ್ದು ಯಾವುದು?"

ಕೃಷ್ಣಪ್ರಸಾದನ ಕೈ ತೊಗರಿಬೇಳೆಯಲ್ಲಿ ಹೂತದ್ದು ಅಲ್ಲೇ ಉಳಿಯಿತು. ಬೆಳಗಿನ ಪಾರಣೆಯ ಊಟಕ್ಕೆ ಬೇಳೆಯಿಲ್ಲದ ಬರೀ ಮೆಣಸಿನ ಸಾರು ಬಡಿಸಿದ್ದರು. ಏಕಾದಶಿಯ ಉಪವಾಸದ ಮರುದಿನ ಹಗುರವಾಗಿರಲಿ ಎಂದಿರಬೇಕು ಎಂದುಕೊಂಡು ಅವನು ಉಂಡೆದ್ದಿದ್ದ. ಚಾತುರ್ಮಾಸ್ಯದ ನಾಲ್ಕನೆಯ ತಿಂಗಳು ದ್ವಿದಳ ವ್ರತ. ಎರಡು ಹೋಳಾಗುವ ಬೇಳೆಕಾಳು ಒಂದೂ ಮನೆಯಲ್ಲಿ ಬೇಯುವಂತಿಲ್ಲ.

"ಇಡೀ ಅಂಗಡೀಲಿ ನಮಗಾಗದೇ ಇರೋದನ್ನೇ ಆರಿಸಿ ಆರಿಸಿ ತಂದಿದೀಯಲ್ಲೋ," ಶಾರದಮ್ಮನವರ ದನಿಯಲ್ಲಿ ಕೋಪಕ್ಕಿಂತ ವಿಸ್ಮಯವೇ ಹೆಚ್ಚಿತ್ತು. "ಒಂದಾದ್ರೂ ತಪ್ಪಿ ಬಿಟ್ಟುಹೋಗಬಾರದಾ? ಡಬ್ಬೀಲಿ ಒಂದು ಪಾವು ಅಕ್ಕಿ ಇದೆ. ಮಳೆ ಹಿಡಿದ್ರೆ ಏನು, ಹುರುಳಿ ನೋಡ್ತಾ ಕೂರೋಣವಾ?"

ಕೃಷ್ಣಪ್ರಸಾದ ಅಣ್ಣಾಚಿ ಅಂಗಡಿಗೆ ಓಡಿದ. ರೈಲು ಹೋದ ಮೇಲಿನ ಪ್ಲಾಟ್‌ಫಾರಂನಂತೆ ಅಂಗಡಿ ಬಣಗುಟ್ಟುತ್ತಿತ್ತು. ಅಕ್ಕಿ ಇಲ್ಲ, ರವೆ ಇಲ್ಲ, ಅವಲಕ್ಕಿ ಇಲ್ಲ, ಬೆಲ್ಲದ ಚೂರೂ ಇಲ್ಲ. "ಎಲ್ಲಾಂ ಪೋಚ್ಚು ಸಾರ್, ಉಂಗಳಾಲೆದಾನ್," ಎಂದು ಅಣ್ಣಾಚಿ ಕೃತಜ್ಞತೆಯಿಂದ ಕೈಮುಗಿದ. ಎಲ್ಲ ಖಾಲಿ, ಅದೂ ನಿಮ್ಮಿಂದಲೇ!

ಮತ್ತೆ ಮೆಟ್ಟಿಲು ಹತ್ತುತ್ತಿದ್ದವನಿಗೆ, ಅಂದಾನಿಯವರ ಬಾಗಿಲಲ್ಲಿ ನಿಂತು ಅಲಮೇಲು ಮಾಮಿ ತೋಡಿಕೊಳ್ಳುತ್ತಿದ್ದ ಗೋಳು ಕೇಳಿಸಿತು. ಮನೆ ತುಂಬ ಅಕ್ಕಿ ರವೆ ಇದೆ, ಸಾಂಬಾರಿಗೆ ಹಿಡಿ ಬೇಳೆ ಇಲ್ಲ! ಅಂಗಡಿಯ ಬೇಳೆಯನ್ನೆಲ್ಲ ಆ ಇನ್ಶೂರೆನ್ಸಿನವನೇ ಮೊದಲು ಹೊತ್ತುಕೊಂಡು ಹೋಗಿದ್ದಾನೆ!

ಅಂದಾನಿಯವರ ಕಣ್ಣು ಮಿಂಚಿತು. ಸೊಂಟಕ್ಕೆ ಟವಲು ಬಿಗಿದು ಮೆಟ್ಟಿಲ ತಿರುವಿನಲ್ಲಿ ಗೂಡ್ಸ್ ಷೆಡ್ಡನ್ನೇ ತೆರೆದರು. "ತೊಗರಿ ಕೆಳಗ, ಅಕ್ಕಿ ಮ್ಯಾಲ! ಮಾಮಿ, ಉದ್ದಿಗೆ ಎಷ್ಟು ರವಾ ಕೊಡ್ತೀರಿ? ಏ ಪ್ರಸಾದ್ರ, ಹುರುಳಿ ಯಾರೂ ಕೇಳವಲ್ರು, ನಾನ ತಗೋತೀನಿ. ನಮ್ಮನಿ ಗೋಧಿ ಹಿಟ್ಟು ಒಯ್ರಿ!" ಇಡೀ ಮಧ್ಯಾಹ್ನ ಬೇಳೆ ಇಳಿಯಿತು, ಅಕ್ಕಿ ಏರಿತು. ಕೃಷ್ಣಪ್ರಸಾದ ಎಷ್ಟು ಸಲ ಹತ್ತಿಳಿದನೆಂದರೆ, ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗಿತು.

ಭಾವನಾ ಮನೆಗೆ ಬರುವ ಹೊತ್ತಿಗೆ ಮೋಡ ಕವಿದಿತ್ತು. ಅಡುಗೆಮನೆಯಲ್ಲಿ ಅಕ್ಕಿ, ರವೆ, ಅವಲಕ್ಕಿ, ಗೋಧಿ ಹಿಟ್ಟು, ಬೆಲ್ಲ, ತೆಂಗಿನಕಾಯಿ, ಮಾಮಿ ಮೇಲಿಂದ ಕೊಸರು ಕೊಟ್ಟ ಬಾಳೆಕಾಯಿ. ಒಂದು ಕಾಳು ಬೇಳೆ ಇಲ್ಲ. ಅವಳು ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡಿದಳು.

"ಅಯ್ಯೋ, ವ್ರತ ನೆನಪಿಟ್ಕೊಂಡು ತಂದಿದೀರಾ! ನಾನು ಹೇಳೋದೇ ಮರೆತಿದ್ದೆ. ಪರವಾಗಿಲ್ಲ ರೀ ನೀವು!"

ಕೃಷ್ಣಪ್ರಸಾದ ವಿನಯದಿಂದ ತಲೆ ಬಾಗಿಸಿದ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಲು ತಯಾರಾಗಿತ್ತು. ಕಾಫಿಗೆಂದು ಕರೆಸಿಕೊಂಡ ಅಂದಾನಿಯವರು ಹಾಲ್‌ನಲ್ಲಿ, ಮೆತ್ತಗಿನ ದಿಂಬಿನ ಮೇಲೆ, ಜಾಗ್ರತೆಯಾಗಿ ಕುಳಿತಿದ್ದರು. ಇನ್ನೊಂದು ನಿಮಿಷ ಅವನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು.

"ನೆನಪಂತೆ!" ಶಾರದಮ್ಮನವರು ನಕ್ಕರು. "ಗಿಡಮರದ ಶಾಸ್ತ್ರ ಓದಿದೋನು, ದ್ವಿದಳ ಯಾವುದು ಅಂತಲೇ ಗೊತ್ತಿಲ್ಲ. ಎಲ್ಲ ವಾಪಸು ಹೊರಿಸ್ದೆ ಭಾವನಾ."

ಅಂದಾನಿಯವರೂ ನಕ್ಕರು. ಅದು ಕೃಷ್ಣಪ್ರಸಾದನ ಪದವಿಗೆ ತಗಲಿತು.

"ದ್ವಿದಳ ನಂಗೆ ಗೊತ್ತಿಲ್ವಾ? ತಿಥಿ ಮರೆತಿರಬಹುದು, ಬಾಟನಿ ಮರೆತಿಲ್ಲ," ಎಂದು ಎದ್ದು ನಿಂತ. "ದ್ವಿದಳ ಅಂದ್ರೆ ಬರೀ ಬೇಳೆ ಅಲ್ಲಮ್ಮ. ಬೀಜದೊಳಗೆ ಎರಡು ದಳ ಇರೋದೆಲ್ಲ ದ್ವಿದಳವೇ. ಪ್ರಪಂಚದಲ್ಲಿ ಮುಕ್ಕಾಲು ಪಾಲು ಗಿಡ ಅದೇ ಜಾತಿ. ಅಷ್ಟೇಕೆ..."

ಭಾವನಾ ಬೇಡ ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದಳು.

"...ನೀನು ದಿನಾ ಕುಡಿಯೋ ಕಾಫಿ ಬೀಜವೂ ದ್ವಿದಳವೇ!"

ಶಾರದಮ್ಮನವರು ಒಲೆ ಆರಿಸಿದರು.

"ನಿಜವಾಗ್ಲೂ?"

"ಅ... ಅಮ್ಮ, ಅದು ಶಾಸ್ತ್ರದ ಮಾತು. ನಮ್ಮ ಶಾಸ್ತ್ರ ಅಲ್ಲ, ಕಾಲೇಜಿಂದು."

"ಇಷ್ಟು ವರ್ಷ ಯಾರೂ ಹೇಳ್ಲಿಲ್ಲವಲ್ಲೋ," ಅವರು ಫಿಲ್ಟರನ್ನು ಕೆಳಗಿಳಿಸಿದರು. "ಮೆಣಸು, ಜೀರಿಗೆ, ಇದಕ್ಕೆಲ್ಲ ದೊಡ್ಡೋರು ಆಗಬಹುದು ಅಂತ ಹೇಳಿ ಹೋಗಿದಾರೆ. ಕಾಫಿ ಅವರ ಕಾಲದಲ್ಲಿ ಇರಲೇ ಇಲ್ಲ, ಅವರು ಏನು ತಾನೇ ಹೇಳಿಯಾರು? ತಿಳಿದೋನು ಯಾರಾದ್ರೂ ಹೇಳ್ಬೇಕಾಗಿತ್ತು. ಹೇಳಿದೆ."

ಕೃಷ್ಣಪ್ರಸಾದನಿಗೆ ಕೊನೆಯದೊಂದು ದಾರಿ ಹೊಳೆಯಿತು. "ಅಮ್ಮ, ಇದು ಪೀಬರಿ! ಮಾಮೂಲು ಹಣ್ಣಲ್ಲಿ ಎರಡು ಚಪ್ಪಟೆ ಬೀಜ ಇರತ್ತೆ. ಇದರಲ್ಲಿ ಒಂದೇ, ದುಂಡಗೆ!"

ಶಾರದಮ್ಮನವರ ಕೈ ನಿಂತಿತು. ಅವರಿಗೂ ಕಾಫಿ ಬೇಡವಾಗಿರಲಿಲ್ಲ. ಮಗನ ಮುಖವನ್ನು ಆಸೆಯಿಂದಲೇ ನೋಡಿದರು.

"ಆ ಒಂದು ಬೀಜ ಬಿಡಿಸಿದ್ರೆ ಒಳಗೆ ದಳ ಎಷ್ಟು?"

ಒಂದು ಎಂದಿದ್ದರೆ ಸಾಕಿತ್ತು. ಆದರೆ ಕಾಲೇಜಿನ ಪ್ರಾಕ್ಟಿಕಲ್ಲಿನಲ್ಲಿ ಪೆನ್ಸಿಲ್ ಚೂಪು ಮಾಡಿ ಮಾಡಿ ತಾನೇ ಬರೆದಿದ್ದ ಕಾಫಿ ಮೊಳಕೆಯ ಚಿತ್ರ, ಎಡಬಲಕ್ಕೆ ಎರಡೆಲೆ ಚಾಚಿಕೊಂಡು, ಅವನ ಕಣ್ಣ ಮುಂದೆ ಬಂದು ನಿಂತಿತು.

"ಎರಡು," ಎಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ಶಾರದಮ್ಮನವರಿಗೆ ಕೇಳಿಸಿತು. ಪುಡಿಯ ಪೊಟ್ಟಣ, ಡಿಕಾಕ್ಷನ್ ಸಮೇತ ಫಿಲ್ಟರು, ಎರಡೂ ಅಂದಾನಿಯವರ ಕೈಗೆ ಹೋದವು. "ನಿಮಗೆ ವ್ರತ ಇಲ್ಲ, ಒಯ್ಯಿರಿ. ಇಲ್ಲಿದ್ರೆ ಇವನ ಕೈ ಸುಮ್ಮನಿರಲ್ಲ. ಕೆಳಗೆ ಬಂದು ಕೇಳ್ತಾನೆ, ಕೊಡಕೂಡದು."

ಅಂದಾನಿಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಆತ್ರೀ ಅವ್ವಾರ. ಮಾತಂದ್ರ ಮಾತು."

ಹೊರಗೆ ಹೋಗಿ ಕುಡಿದರಾಯಿತು ಎಂದುಕೊಂಡು ಕೃಷ್ಣಪ್ರಸಾದ ಮಲಗಿದ. ಚಂಡಮಾರುತ ಮಾತು ತಪ್ಪಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಗಲ್ಲಿಯ ತುಂಬ ಮೊಣಕಾಲುದ್ದ ನೀರು, ಮೂಲೆಯ ಕಾಫಿ ಕ್ಲಬ್ಬಿನ ಬಾಗಿಲು ಮುಚ್ಚಿತ್ತು, ಅದರ ಬೆಂಚು ತೆಪ್ಪದಂತೆ ತೇಲುತ್ತಿತ್ತು. ಮನೆಯಲ್ಲಿ ಎಲ್ಲವೂ ಇತ್ತು. ಕೆಳಗಿನ ಅಡುಗೆಮನೆಯ ಕಿಟಕಿಯಿಂದ ಪೀಬರಿಯ ಪರಿಮಳ ಮಳೆಯನ್ನೂ ಲೆಕ್ಕಿಸದೆ ಮೇಲೇರಿ ಬಂದು ಅವನ ಮೂಗಿನ ಮುಂದೆ ನಿಂತಿತು.

ಖಾಲಿ ಚೀಲ ಹಿಂತಿರುಗಿಸುವ ನೆಪದಲ್ಲಿ ಅವನು ಕೆಳಗಿಳಿದ. ಅಂದಾನಿಯವರು ಆದರದಿಂದ ಒಳಗೆ ಕರೆದು ಕೂರಿಸಿದರು.

"ನೀವು ಬರ್ತೀರಿ ಅಂತ ಗೊತ್ತಿತ್ತು, ಪ್ರಸಾದ್ರ. ನಿಮ್ಮ ವ್ರತ ನಾ ಕೆಡಸಂಗಿಲ್ಲ. ಆದ್ರ ಮನಿಗೆ ಬಂದವ್ರನ್ನ ಬರಿಬಾಯಲೆ ಕಳಸಾಂವನೂ ಅಲ್ಲ. ನಿಮಗಂತನ ಬ್ಯಾರೆ ಮಾಡಿಸೀನಿ," ಎಂದು ಹಬೆಯಾಡುವ ಲೋಟವನ್ನು ಮುಂದಿಟ್ಟರು. "ಜೀರಗಿ ಕಷಾಯ. ಕುಡೀರಿ, ಪಿತ್ತ ಇಳೀತದ."

ತಮ್ಮ ಲೋಟದ ಕಾಫಿಯನ್ನು ಅವರು ಸೊರ್ ಎಂದು ಹೀರಿದರು. ಕೃಷ್ಣಪ್ರಸಾದ ಕಷಾಯದೊಳಗೆ ಇಣುಕಿ ನೋಡಿದ. ಜೀರಿಗೆಯೂ ದ್ವಿದಳವೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಮಾತ್ರ ಅವನು ಕುಡಿಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆಯಲಿಲ್ಲ.