ಮಾವನವರ ಮೆಂತೆ ಮಡಿ

ನಮ್ಮ ಮಾವನವರಿಗೆ ಚಿಂತೆಯೇ ಇಲ್ಲದ ದಿನವೊಂದು ಬಂದರೆ, ಏನನ್ನೋ ಮರೆತಿರಬೇಕು ಎಂದು ಹೊಸ ಚಿಂತೆ ಹತ್ತುತ್ತಿತ್ತು! ಚಿಕ್ಕೋಡಿಗೆ ಹೋಗಬೇಕೆಂದರೆ ಎಂಟರ ಬಸ್ಸಿಗೆ ಆರಕ್ಕೇ ಹೋಗಿ ನಿಲ್ಲುವರು. ಏಳರ ಬಸ್ಸು ಬಂದರೆ ಹತ್ತುವವರಲ್ಲ. "ಅದು ನಮ್ದಲ್ಲ, ಎಲ್ಲಿಗಿ ಒಯ್ತೈತೋ ಏನೋ!" ಬೋರ್ಡಿನ ಮೇಲೆ ಚಿಕ್ಕೋಡಿ ಎಂದೇ ಬರೆದಿದ್ದರೂ!

ಊರಿಗೆಲ್ಲ ಒಂದೇ ಟಿವಿ ಇದ್ದ ಆ ದಿನಗಳಲ್ಲಿ ಅವರ ದೊಡ್ಡ ಚಿಂತೆ ನನ್ನ ನಾಲ್ಕು ವರ್ಷದ ಮಗಳು. ನಿಜ ಹೇಳುತ್ತೇನೆ, ಇದೊಂದರಲ್ಲಿ ನಾನೂ ಅವರ ಪಾರ್ಟಿಯೇ. ಚಹಾದಲ್ಲಿ ಅದ್ದಿದ ಬಿಸ್ಕೀಟು ಬಿಟ್ಟರೆ ಹುಡುಗಿ ಬಾಯಿ ತೆರೆಯುತ್ತಿರಲಿಲ್ಲ. ಕೈ ಹಿಡಿದರೆ ಎಲುಬೇ ಸಿಗುತ್ತಿತ್ತು. ತೂಕ ನೋಡಿದ ಡಾಕ್ಟರು "ಮೆಂತೆ, ಪಾಲಕ ಅಂಥಾ ತೊಪ್ಪಲ ಪಲ್ಯ ತಿನಸ್ರಿ, ಹಿಂಗಾದ್ರ ಹೆಂಗ್ರಿ?" ಎಂದು ನನ್ನನ್ನೇ ಬೈದು ಕಳಿಸಿದರು. ನಮ್ಮೂರು ಬೇಡಕಿಹಾಳ ಬರುವ ತನಕ ಬಸ್ಸಿನಲ್ಲಿ ಅಳುತ್ತಲೇ ಬಂದೆ.

"ತಾನ ಬೆಳದದ್ದ ತಾನ ತಿಂತಾಳ ಬಿಡವಾ" ಎಂದರು ಮಾವನವರು. ಮೊದಲ ಮಳೆಗೆ ಹಿತ್ತಲಲ್ಲಿ ಮೊಮ್ಮಗಳ ಕೈಯಿಂದಲೇ ಮೆಂತೆ ಹಾಕಿಸಿದರು. ಮಾರನೆಯ ದಿನ ನೋಡಿದರೆ ಯಾರೋ ಮಡಿ ಕೆದರಿದ್ದಾರೆ! ಮಗಳ ಮೇಲೆ ಕೈ ಎತ್ತಿದೆ.

"ಆಕಿಗ ಬಡೀಬ್ಯಾಡವಾ, ನಾನ ಕೆದರೇನಿ. ಮೊಳಕಿ ಒಡದಾವೋ ಇಲ್ಲೋ ಅಂತ..."

ಹುಟ್ಟಿದಾಗಿನಿಂದ ಹೊಲದಲ್ಲೇ ಬೆಳೆದ ರೈತ! ಜೋರು ಮಳೆ ಬಂದರೆ ಅಜ್ಜ, ಮೊಮ್ಮಗಳು ತಾವು ತೊಯ್ಸಿಕೊಂಡು ಮಡಿಗೆ ಕೊಡೆ ಹಿಡಿಯುವರು. ನೆಗಡಿ ಯಾರಿಗೆ ಬಂತೆಂದು ಬೇರೆ ಹೇಳಬೇಕೆ?

ಮೆಂತೆ ಭರ್ಜರಿಯಾಗಿಯೇ ಬಂತು. ಮಗಳು ಕಿತ್ತಳು, ನಾನು ಪಲ್ಯ ಮಾಡಿದೆ. "ಅಜ್ಜಾ ತಿಂದ್ರ ನಾನೂ ತಿಂತೀನಿ" ಎಂದಳು. ಮಾವನವರ ಮುಖ ಇಳಿಯಿತು. ಹಿಂದಿನ ದಿನವೇ ಚಾತುರ್ಮಾಸ ಹಿಡಿದಿತ್ತು! ನಮ್ಮ ಜೈನರಲ್ಲಿ ಅನೇಕ ಹಿರಿಯರು ಆ ನಾಲ್ಕು ತಿಂಗಳು ತೊಪ್ಪಲು ಮುಟ್ಟುವುದಿಲ್ಲ. ಮಾವನವರಂತೂ ಮೂವತ್ತು ವರ್ಷದಿಂದ ಆ ನೇಮ ತಪ್ಪಿದವರಲ್ಲ. ಜಗತ್ತಿನ ಚಿಂತೆಯನ್ನೆಲ್ಲ ಮಾಡುವ ಮನುಷ್ಯ, ಬಿತ್ತುವಾಗ ಪಂಚಾಂಗ ನೋಡುವುದನ್ನೇ ಮರೆತಿದ್ದರು!

"ಅಜ್ಜಗ ನೇಮ ಐತಿ, ನನ್ನವ್ವಾ."

"ಹಂಗಾರ ನನಗೂ ನೇಮ ಐತಿ!" ಮಗಳು ತಾಟು ದೂಡಿದಳು.

ತಗೊಳ್ಳಿ, ಮೊದಲೇ ಉಣ್ಣದವಳಿಗೆ ಈಗ ಧರ್ಮದ ಬೆಂಬಲ ಬೇರೆ!

ಮಾವನವರು ತಾಟನ್ನು ತಮ್ಮ ಮುಂದೆ ಎಳೆದುಕೊಂಡರು. ಆಮೇಲೆ ಕಣ್ಣು ಮುಚ್ಚಿ, ಕೈ ಮುಗಿದು, ಒಂದು ತುತ್ತು ಪಲ್ಯ ಬಾಯಿಗಿಟ್ಟುಕೊಂಡರು. ಮಗಳು ಅವರ ಗಂಟಲನ್ನೇ ಕಾಯುತ್ತಿದ್ದಳು. ಅದು ಇಳಿದದ್ದು ಖಾತ್ರಿಯಾದ ಮೇಲೆ ಅರ್ಧ ರೊಟ್ಟಿ ಉಂಡಳು. ಅರ್ಧ ರೊಟ್ಟಿ! ನಾನು ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ.

ಮರುದಿನ ಮಾವನವರು ಬಸದಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದು ಉಪವಾಸ ಕೂತರು. ಹನಿ ನೀರೂ ಇಲ್ಲ. ಇನ್ನು ಇವಳೂ ಉಪವಾಸ ಎಂದರೆ ಗತಿಯೇನು ಎಂದು ನನಗೆ ಚಿಂತೆ. ಮಧ್ಯಾಹ್ನ ಹುಡುಕಿದರೆ, ಮಗಳು ತಾಟು ಹಿಡಿದು ಅವರ ಎದುರೇ ಕೂತು ಮೆಂತೆ ಪಲ್ಯ, ರೊಟ್ಟಿ ತಿನ್ನುತ್ತಿದ್ದಾಳೆ!

"ಉಪಾಸ ಇದ್ದವರ ಮುಂದ ಉಣ್ತಾರೇನ ಬೇ? ಏಳ!"

"ನಿನ್ನಿ ನನ್ನ ಸಲುವಾಗಿ ತಿನ್ನೂದು ಅಜ್ಜನ ಪಾಳಿ, ಇವತ್ತ ಅಜ್ಜನ ಸಲುವಾಗಿ ನನ್ನ ಪಾಳಿ. ಅಜ್ಜಾನ ಹೇಳ್ಯಾನ" ಎಂದಳು ಬಾಯಿತುಂಬ ರೊಟ್ಟಿ ಇಟ್ಟುಕೊಂಡು.

ಎಬ್ಬಿಸಲು ಹೋದೆ. ಮಾವನವರು ಕೈ ಅಡ್ಡ ಹಿಡಿದರು. ಅವರ ತುಟಿ ಒಣಗಿತ್ತು.

"ಇರ್ಲಿ ಬಿಡವಾ. ತಿನ್ನ ನನ್ನವ್ವಾ, ಇನ್ನೊಂದ್ ತುತ್ತ ತಿನ್ನ. ನನ್ನ ಹೊಟ್ಟಿ ತುಂಬಾಕತ್ತೈತಿ."