ಹತ್ತು ಕಿಟಕಿಗಳ ನಕಲು

ಪಡಿಯಚ್ಚು ತೆಗೆಯುವ ಕೆಲಸದಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನನ್ನ ಕೈಯಲ್ಲಿ ಮಾತ್ರ ಸ್ವಲ್ಪ ಜಾಸ್ತಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯಲ್ಲಿ ಒಬ್ಬ ಹಿರಿಯ ನಕ್ಷೆಗಾರರ ಬಳಿ ಸೇರಿಕೊಂಡೆ. ಅವರು ಪೆನ್ಸಿಲಿನಲ್ಲಿ ಬರೆದ ಕಟ್ಟಡದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಂಡ ಗೆರೆಗಳನ್ನು ಮಸಿಯಲ್ಲಿ ತಿದ್ದುವುದು ನನ್ನ ಕೆಲಸ. "ಒಂದು ವರ್ಷ ನೋಡ್ತೇನೆ. ಸರಿ ಕಂಡ್ರೆ ಕಾಯಂ" ಎಂದಿದ್ದರು. ಕಾಯಂ ಆದಮೇಲೆಯೇ ಮದುವೆ ಮಾತು ಎಂದು ಹೆಣ್ಣಿನ ಕಡೆಯವರೂ ಹೇಳಿಬಿಟ್ಟಿದ್ದರು. ಹುಡುಗಿ ನನಗೆ ಬಹಳ ಹಿಡಿಸಿದ್ದಳು.

ಇದ್ದದ್ದು ಇದ್ದ ಹಾಗೆ

"ಇದ್ದದ್ದು ಇದ್ದ ಹಾಗೆ ಬರಬೇಕು. ಸ್ವಂತ ಬುದ್ಧಿ ಬೇಡ" ಎಂದರು ಮೊದಲ ದಿನ. ನಾನು ಉಸಿರು ಬಿಗಿಹಿಡಿದು ಎಲ್ಲವನ್ನೂ ಇಳಿಸಿದೆ. ಮಾರನೆಯ ದಿನ ಚೆಟ್ಟಳ್ಳಿಯ ಕಾಫಿತೋಟದ ಸಾಹುಕಾರರು ಬಂದು ನಕ್ಷೆ ಬಿಚ್ಚಿ ನೋಡಿದರು.

"ಇದೆಂತ? ಅಡಿಗೆಮನೆ ಪಕ್ಕ 'ಸಂಜೆ ಮತ್ತಿ ಮೀನು ತರುವುದು' ಅಂತ ಉಂಟಲ್ಲ?"

ಹಿರಿಯರು ನೆನಪಿಗೆಂದು ಗೀಚಿಕೊಂಡದ್ದು. ನಾನದನ್ನು ಕಪ್ಪು ಮಸಿಯಲ್ಲಿ ಮುದ್ದಾಗಿ ಬರೆದಿದ್ದೆ.

"ತಂದ್ರಾ?" ಎಂದರು ಸಾಹುಕಾರರು.

"ಮರೆತೇ ಹೋಯ್ತು" ಎಂದರು ಹಿರಿಯರು, ನನ್ನನ್ನೇ ದಿಟ್ಟಿಸುತ್ತ.

ಹಲಸಿನ ಮರ

ಆಮೇಲೆ ಬಂದದ್ದು ಅದೇ ತೋಟದ ಲೆಕ್ಕ, ಹಾಜರಿ ಬರೆಯುವ ರೈಟರ ಮನೆಯ ನಕ್ಷೆ. ಬಾಗಿಲಿಗೆ ಹಲಸಿನ ಮರ ತೀರಾ ಹತ್ತಿರವಾಯಿತು, ಮನೆಯನ್ನು ಹನ್ನೆರಡು ಅಡಿ ಆಚೆ ಸರಿಸಿ ಎಂದರು ಸಾಹುಕಾರರು. ನಾನು ಬಟ್ಟೆಯನ್ನು ಅಳತೆಪಟ್ಟಿ ಇಟ್ಟು ಜರುಗಿಸಿ, ಕೆಳಗೆ ಕಂಡದ್ದನ್ನು ತಿದ್ದಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಮನೆ ಸರಿಯಾಗಿ ಹನ್ನೆರಡು ಅಡಿ ಹೋಗಿತ್ತು. ಮರವೂ ಅದರ ಜೊತೆಗೆ ಹನ್ನೆರಡು ಅಡಿ ಹೋಗಿತ್ತು.

ಸಾಹುಕಾರರು ಬೆನ್ನು ತಟ್ಟಿದರು. "ಮನೆ ನಾನು ಕಟ್ಟಿಸ್ತೇನೆ. ಮರಕ್ಕೆ ಮಾತ್ರ ನೀನೇ ಬಂದು ಹೇಳು ಮಾರಾಯ."

ಅಂದಿನಿಂದ ಹಿರಿಯರು ಕಾಯಂ ಮಾತೆತ್ತುವುದನ್ನೇ ಬಿಟ್ಟರು.

ಹತ್ತು ಕಿಟಕಿ

ಆಮೇಲೆ ತೋಟದ ಆಳುಗಳಿಗೆ ಸಾಲಾಗಿ ಹತ್ತು ಕೋಣೆಯ ಲೈನ್‌ಮನೆ. ಹಿರಿಯರು ತುದಿಯ ಕೋಣೆಯೊಂದನ್ನೇ ಬರೆದು "ಇದರಂತೆ ಇನ್ನೊಂಬತ್ತು" ಎಂದರು. ಮೂಲೆಮೂಲೆಗೆ ಸೂಜಿ ಚುಚ್ಚಿ, ಚುಕ್ಕೆ ಸೇರಿಸಿ, ಒಂದೇ ಅಂತರದಲ್ಲಿ ಒಂಬತ್ತು ಇಳಿಸಿದೆ. ತುದಿಯ ಕೋಣೆಗೆ ಮಾತ್ರ, ರೈಟರು ಒಳಗೆ ಕೂತು ಹಾಜರಿ ಕರೆಯಲು ದೊಡ್ಡ ಕಿಟಕಿ, ಅದಕ್ಕೊಂದು ಅಗಲ ಹಲಗೆ ಇತ್ತು. ಮೇಸ್ತ್ರಿ ನಕ್ಷೆಯಂತೆ ಹತ್ತು ಕೋಣೆಗೂ ಹಾಜರಿ ಕಿಟಕಿ ಇಟ್ಟ. ಗೋಡೆ ಎದ್ದಮೇಲೆ ವಿಷಯ ತಿಳಿದು, ಕೆಲಸದ ಜೊತೆ ಹುಡುಗಿಯೂ ಹೋದಳೆಂದು ನಾನು ನಿಜಕ್ಕೂ ಅತ್ತೆ.

ವರ್ಷ ತುಂಬುವ ಹೊತ್ತಿಗೆ ಸಾಹುಕಾರರು ಅಂಥದೇ ಇನ್ನೊಂದು ಲೈನ್‌ಮನೆ ಕೇಳಿದರು. ಈ ಸಲ ನನಗೆ ಬುದ್ಧಿ ಬಂದಿತ್ತು. ತುದಿಯದೊಂದು ಬಿಟ್ಟು ಉಳಿದ ಒಂಬತ್ತು ಕಿಟಕಿ ತೆಗೆದುಹಾಕಿ, ಮೂರು ಸಲ ನೋಡಿ, ಎದೆಯುಬ್ಬಿಸಿ ಕೊಟ್ಟೆ.

ಸಾಹುಕಾರರು ಮೇಜು ಗುದ್ದಿದರು. "ಕಿಟಕಿ ಎಲ್ಲಿ? ಆ ಹಲಗೆ ಮೇಲೆ ಹೆಂಗಸರು ಅಕ್ಕಿ ಆರಿಸ್ತಾರೆ, ಹರಟೆ ಹೊಡೀತಾರೆ. ಕಿಟಕಿ ಇಲ್ಲದ ಲೈನ್ ಆದ್ರೆ ಕಾಫಿ ಪಿಕಿಂಗಿಗೇ ಬರೂದಿಲ್ಲ ಅಂತಾರೆ! ಮೊದಲಿಂದು ಬರೆದವನನ್ನೇ ಕರೀರಿ!"

ಹಿರಿಯರು ನನ್ನನ್ನು ನೋಡಿದರು, ನಕ್ಷೆಯನ್ನು ನೋಡಿದರು, ಕನ್ನಡಕ ತೆಗೆದಿಟ್ಟರು.

"ಆಯ್ತು, ನೀನು ಕಾಯಂ. ವರ್ಷದಲ್ಲಿ ಒಂದೇ ಒಂದು ನಕ್ಷೆ ಸರಿಯಾಗಿ ಬರೆದಿದ್ದೀಯ. ಅದನ್ನ ಹರಿದುಹಾಕಿ, ಹಳೆ ತಪ್ಪನ್ನೇ ಅಳತೆ ತಪ್ಪದ ಹಾಗೆ ಇನ್ನೊಮ್ಮೆ ಮಾಡು."